ಬದನೆಕಾಯಿ ಒಂದೇ, ಹೆಸರು ನಾಲ್ಕು

ಈ ವಾರದ ವಿಡಿಯೋ ನೋಡೋಕೆ ಟೈಮ್ ಸಿಗದವರಿಗಾಗಿ ಮಾತನ್ನ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಮಾತಾಡುವಾಗ ಮರೆತುಹೋದ ಕೆಲವು ಇಸವಿಗಳನ್ನೂ ಸೇರಿಸಿದ್ದೀನಿ.

ನಾನು ತಿಪಟೂರು ಕಡೆಯವನು. ಹೈದರಾಬಾದಿಗೆ ಬಂದಿದ್ದು 2016ರಲ್ಲಿ. ಕೊಂಡಾಪುರದಲ್ಲಿ ಎರಡು ರೂಮಿನ ಫ್ಲಾಟು, ಒಂದು ಇಂಡಕ್ಷನ್ ಒಲೆ, ಒಂದು ಬಾಣಲೆ. ಮೊದಲ ಮೂರು ವಾರ ಬಿರಿಯಾನಿ, ಮೆಸ್ಸಿನ ಊಟ ಅಂತ ಕಳೆದು ಹೊಟ್ಟೆ ಕೈಕೊಟ್ಟಿತು. ನಾಲ್ಕನೇ ಭಾನುವಾರ ಕೂಕಟ್‌ಪಲ್ಲಿಯ ರೈತು ಬಜಾರಿಗೆ ಹೋಗಿ ಗುಂಡು ಬದನೆಕಾಯಿ ಅರ್ಧ ಕೆಜಿ ತಂದೆ. ಹೆಚ್ಚಿ ಪಲ್ಯ ಮಾಡೋದು ಅಂತ ಪ್ಲಾನು. ರೂಮ್‌ಮೇಟ್ ಯಾದಗಿರಿ ಜಿಲ್ಲೆಯ ಶಹಾಪುರದವನು. ಚಾಕು ಕಸಿದುಕೊಂಡು, "ಇಂಥಾ ಕಾಯಿ ಯಾರಾದ್ರೂ ಹೆಚ್ತಾರೇನೋ ಮಾರಾಯಾ" ಅಂದು ಅವನ ಅವ್ವನಿಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ಆ ತಾಯಿ ಒಂದೊಂದೇ ಹೇಳುತ್ತಾ ಹೋದರು:

"ತೊಟ್ಟು ತಗೀಬ್ಯಾಡ ತಮ್ಮಾ. ಬುಡದಿಂದ ನಾಕು ಸೀಳು ಮಾಡು, ತೊಟ್ಟಿನ ತನಕ ಹೋಗಬಾರದು. ಶೇಂಗಾ ಹುರದು ಸಿಪ್ಪಿ ತಗಿ. ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸಿಹಣ್ಣು, ಚೂರು ಬೆಲ್ಲ, ಖಾರ. ಗಟ್ಟಿಯಾಗಿ ರುಬ್ಬಿ ತುಂಬು. ಎಣ್ಣಿ ಹಾಕೂದ್ರಾಗ ಕೈ ಹಿಡೀಬ್ಯಾಡ."

ಕೊಬ್ಬರಿ ಇತ್ತು, ನಮ್ಮಮ್ಮ ಬ್ಯಾಗಿಗೆ ತುರುಕಿದ್ದು. ನಾವು ಮನೇಲಿ ಅಡುಗೆಗೆ ಬಳಸೋದು ಹಸಿ ತೆಂಗಿನಕಾಯಿ. ಕೊಬ್ಬರಿ ಮಂಡಿಗೆ ಹೋಗಿ, ಅಲ್ಲಿಂದ "ಉತ್ತರದ ಕಡೆ" ಹೋಗುತ್ತೆ ಅಂತಷ್ಟೇ ಚಿಕ್ಕಂದಿನಿಂದ ಕೇಳಿದ್ದೆ. ಅದು ಹೋಗಿ ಏನಾಗುತ್ತೆ ಅಂತ ಅವತ್ತು ನೋಡಿದೆ.

ಆಮೇಲೆ ನಾನು ಸುಮ್ಮನೆ, "ಪರ ಊರಲ್ಲಿ ಹೊಸದಾಗಿ ಬಂದು ಕಷ್ಟ ಆಗ್ತಿದೆ ಅಮ್ಮಾ" ಅಂದೆ. ಅವರು ನಕ್ಕರು. "ಹೈದರಾಬಾದ್ ಪರ ಊರು ಹೆಂಗ ಆಗ್ತದ? ನಮ್ಮ ಮಾವ ಕಚೇರಿ ಕೆಲಸ ಅಂದ್ರ ಅಲ್ಲಿಗೇ ಹೋಗ್ತಿದ್ರು. ಆವಾಗ ನಮ್ಮ ಕಡಿಯವರಿಗೆ ಬೆಂಗಳೂರೇ ಪರದೇಶ."

ಎಂಟೆಕ್ ಮುಗಿಸಿದವನಿಗೆ ಇದು ಗೊತ್ತಿರಲಿಲ್ಲ ಅಂದ್ರೆ ನಾಚಿಕೆಯ ವಿಷಯ. ಶಾಲೆಯ ಪುಸ್ತಕದಲ್ಲಿ ಓದಿದ್ದೆ, ಮಾರ್ಕ್ಸೂ ತಗೊಂಡಿದ್ದೆ. ಆದರೆ ತಲೆಯೊಳಗಿನ ಮ್ಯಾಪಿನಲ್ಲಿ ಹೈದರಾಬಾದ್ ಯಾವಾಗಲೂ "ಬೇರೆಯವರ ರಾಜಧಾನಿ"ಯೇ ಆಗಿತ್ತು.

ಹಳೇ ಮ್ಯಾಪು

ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ಇವತ್ತಿನ ಯಾದಗಿರಿ ಆಗ ಕಲಬುರಗಿಯೊಳಗೆ, ಕೊಪ್ಪಳ ರಾಯಚೂರಿನೊಳಗೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಶುರುವಾದ ಮೇಲೆ ನೌಕರಿ, ವ್ಯಾಪಾರ, ಓದು ಎಲ್ಲಕ್ಕೂ ಆ ಕಡೆಯವರಿಗೆ ದಾರಿ ಅದೇ. ಕಾಚಿಗುಡದಲ್ಲಿ ಇವತ್ತಿಗೂ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗನ ಹೆಸರಿನ ಶಾಲೆ ಇದೆ. ಹೈಟೆಕ್ ಸಿಟಿಗೂ ಮುಂಚೆ ಇಲ್ಲಿ ಬೇರುಬಿಟ್ಟ ಕನ್ನಡಿಗರ ಗುರುತು ಅವು.

ಇನ್ನೂ ಹಿಂದಕ್ಕೆ ಹೋದರೆ ಲೆಕ್ಕ ತಿರುಗುಮುರುಗಾಗುತ್ತೆ. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿ ನೆಲೆಯೂರಿದ್ದು ಕಲಬುರಗಿಯಲ್ಲಿ, ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಅದು ಒಡೆದಾಗ ಗೋಲ್ಕೊಂಡದಲ್ಲಿ ಸ್ವತಂತ್ರರಾದ ಕುತುಬ್ ಶಾಹಿಗಳು 1591ರಲ್ಲಿ ಹೈದರಾಬಾದ್ ಕಟ್ಟಿದರು. ವಂಶಾವಳಿ ಬರೆದರೆ ಹೈದರಾಬಾದಿಗೆ ಅಪ್ಪ ಬೀದರ್, ಅಜ್ಜ ಕಲಬುರಗಿ.

ಸೋಮವಾರ ಆ ಎಣ್ಣೆಗಾಯಿಯನ್ನ ಆಫೀಸಿಗೆ ಡಬ್ಬಿಯಲ್ಲಿ ಒಯ್ದೆ. ಕರೀಂನಗರದ ಸಹೋದ್ಯೋಗಿ ಬಾಗಿ ನೋಡಿ, "ಇದಿ ಮಾ ಗುತ್ತಿ ವಂಕಾಯೇ ಕದಾ!" ಅಂದಳು. ನಾಂದೇಡಿನವನು ಅದನ್ನ ಭರ್ಲಿ ವಾಂಗಿ ಅಂದ, ಬೆಲ್ಲ ಕಮ್ಮಿಯಾಯ್ತು ಅಂತ ಕಂಪ್ಲೇಂಟೂ ಮಾಡಿದ. ಹಳೇ ಪಟ್ಟಣದ ಗೆಳೆಯ ಮಾತ್ರ ತಲೆಯಾಡಿಸಿದ: "ನಮ್ಮ ಬಗಾರಾ ಬೈಂಗನ್‌ಗೆ ಮಸಾಲೆ ಇದೇ. ಆದರೆ ನಾವು ಕಾಯಿ ಮೊದಲು ಕರಿದು, ಆಮೇಲೆ ಗ್ರೇವಿಗೆ ಬಿಡ್ತೀವಿ." ಬಗಾರ ಅಂದರೆ ಒಗ್ಗರಣೆ. ನಾವು ಎಣ್ಣೆಯಿಂದ ಹೆಸರಿಟ್ಟೆವು, ಅವರು ಒಗ್ಗರಣೆಯಿಂದ.

ಕನ್ನಡ, ತೆಲುಗು, ಮರಾಠಿ, ಉರ್ದು. ನಿಜಾಮರ ಸರ್ಕಾರ 1918ರಿಂದ ಹೊರತಂದ ನೋಟುಗಳ ಮೇಲೂ ಈ ನಾಲ್ಕು ಭಾಷೆ ಇದ್ದವು. ಆ ನೋಟು ಈಗ ಹಳೇ ನಾಣ್ಯ ಸಂಗ್ರಹಿಸುವವರ ಹತ್ತಿರ ಮಾತ್ರ ಸಿಗುತ್ತೆ. ಬದನೆಕಾಯಿ ಇನ್ನೂ ಚಾಲ್ತಿಯಲ್ಲಿದೆ.

ಮೆಣಸಿನಕಾಯಿಗೂ ಮುಂಚೆ

ಹಾಗಾದರೆ ಮೊದಲು ಮಾಡಿದ್ದು ಯಾರು? ಈ ಜಗಳಕ್ಕೆ ಇಳಿಯುವ ಮುಂಚೆ ಒಂದು ಮಾತು. ಬದನೆಕಾಯಿ ನಮ್ಮ ನೆಲದ್ದೇ, ಆದರೆ ಇವತ್ತಿನ ಎಣ್ಣೆಗಾಯಿಯ ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಬಂತು. ನಮ್ಮವರು ಮೊದಲೇ ಗೊತ್ತಿದ್ದ ಕರಿಮೆಣಸನ್ನ ನೆನೆದು ಅದಕ್ಕೆ ಹೆಸರಿಟ್ಟರು: ಮೆಣಸಿನ ಕಾಯಿ. ಶೇಂಗಾ ನಮ್ಮ ಒಣಭೂಮಿಯಲ್ಲಿ ದೊಡ್ಡ ಮಟ್ಟದಲ್ಲಿ ಹಬ್ಬಿದ್ದು 19ನೇ ಶತಮಾನದಿಂದ ಈಚೆಗೆ. ಅಂದರೆ "ಅಜ್ಜಿ ಕಾಲದ ರುಚಿ" ಅನ್ನೋದು ನಿಜ, "ಅನಾದಿ ಕಾಲದ ರುಚಿ" ಅನ್ನೋದು ಸುಳ್ಳು.

ಆದರೆ ಬದನೆಕಾಯಿಗೆ ತುಂಬುವ ಕೈಚಳಕ ಬಹಳ ಹಳೇದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ಅದರ ಊಟದ ಭಾಗದಲ್ಲಿ ಬದನೆಕಾಯಿಯ ತಿರುಳು ತೆಗೆದು, ಮಸಾಲೆ ಹಾಕಿದ ಕೊಚ್ಚಿದ ಮಾಂಸ ತುಂಬಿ, ಎಣ್ಣೆಯಲ್ಲಿ ಬೇಯಿಸುವ ವಿಧಾನ ಇದೆ. 16ನೇ ಶತಮಾನದ ಶುರುವಿನಲ್ಲಿ ಜೈನನಾದ ಮೂರನೇ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಪೂರ್ತಿ ಸಸ್ಯಾಹಾರ, ಅದರಲ್ಲಿ ಬದನೆಕಾಯಿಗೆಂದೇ ಒಂದು ಅಧ್ಯಾಯ.

ಸೋಮೇಶ್ವರನ ಕಲ್ಯಾಣ ಅಂದರೆ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮಿಯಾಪುರ ದಾಟಿ ಮುಂಬೈ ಹೈವೇ ಹಿಡಿದರೆ ಮೂರ್ನಾಲ್ಕು ಗಂಟೆಯ ದಾರಿ. ಅದೇ ದಾರಿಯಲ್ಲಿ ಪಟಾನ್‌ಚೆರು ಸಿಗುತ್ತೆ, ಅಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಇದೆ. ಅವರು ಮುಖ್ಯವಾಗಿ ಕೆಲಸ ಮಾಡುವ ಬೆಳೆಗಳ ಪಟ್ಟಿ ನೋಡಿ: ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ. ಪಕ್ಕಾ ಶಹಾಪುರದ ಊಟದ ತಟ್ಟೆ! ಮಳೆ ಕಮ್ಮಿ, ತೆಂಗಿನ ತೋಟ ಇಲ್ಲ. ಅದಕ್ಕೇ ಹಸಿಕಾಯಿಯ ಬದಲು ತಿಂಗಳುಗಟ್ಟಲೆ ಕೆಡದ ಕೊಬ್ಬರಿ, ಒಣನೆಲದಲ್ಲಿ ಬರುವ ಎಳ್ಳು-ಶೇಂಗಾ, ಬದುವಿನ ಮರದ ಹುಣಸೆ. ನಾಲ್ಕು ಭಾಷೆಯವರು ಒಬ್ಬರನ್ನೊಬ್ಬರು ನೋಡಿ ಕಲಿತಿದ್ದೂ ಇರಬಹುದು. ಆದರೆ ಮಸಾಲೆಯನ್ನ ಮೊದಲು ತೀರ್ಮಾನ ಮಾಡಿದ್ದು ಈ ನೆಲವೇ.

ಸಿಹಿ ಅಷ್ಟೇ ಅಲ್ಲ

ಇಲ್ಲಿಗೆ ನಿಲ್ಲಿಸಿದರೆ "ಎಲ್ಲರೂ ಒಂದೇ" ಅನ್ನುವ ಜಾಹೀರಾತು ಆಗಿಬಿಡುತ್ತೆ. ನೋಟಿನ ಮೇಲೆ ಕನ್ನಡ ಇತ್ತು ನಿಜ, ಆದರೆ ಆಡಳಿತ ಉರ್ದುವಿನಲ್ಲಿ, 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. 1948ರಲ್ಲಿ ರಜಾಕಾರರು ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಹತ್ಯಾಕಾಂಡ ನಡೆಸಿದರು. ಅದೇ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಆಮೇಲೆ ಇದೇ ಜಿಲ್ಲೆಗಳಲ್ಲಿ ಎಷ್ಟೋ ಮುಸ್ಲಿಮರು ಸೇಡಿಗೆ ಬಲಿಯಾದರು. ಕೊಂದವರ ಮನೆಯಲ್ಲೂ ಸತ್ತವರ ಮನೆಯಲ್ಲೂ ಬೇಯುತ್ತಿದ್ದುದು ಇದೇ ಬದನೆಕಾಯಿ. ಒಂದೇ ಊಟ ಉಣ್ಣುವವರು ಹೊಡೆದಾಡುವುದಿಲ್ಲ ಅನ್ನೋ ಮಾತನ್ನ ನಾನು ಅದಕ್ಕೇ ನಂಬಲ್ಲ.

1956ರ ನವೆಂಬರ್ 1ರಂದು ರಾಜ್ಯ ಮೂರು ಪಾಲಾಯಿತು. ಗೆರೆ ಜಿಲ್ಲೆಗಳೊಳಗೇ ಹಾದುಹೋಯಿತು: ಬೀದರಿನ ಜಹೀರಾಬಾದ್, ಕಲಬುರಗಿಯ ತಾಂಡೂರು, ರಾಯಚೂರಿನ ಗದ್ವಾಲ್ ಆಚೆ ಉಳಿದವು. ಕನ್ನಡ ಜಿಲ್ಲೆಗಳಿಗೆ ಬೇಕಾಗಿದ್ದ ಏಕೀಕರಣ ಸಿಕ್ಕಿತು. ಜೊತೆಗೆ ಸುಮಾರು 220 ಕಿಲೋಮೀಟರಿನ ರಾಜಧಾನಿ ಹೋಗಿ 550ಕ್ಕೂ ಹೆಚ್ಚು ಕಿಲೋಮೀಟರಿನ ರಾಜಧಾನಿ ಬಂತು. ಕಲಬುರಗಿಯವರು ಇವತ್ತಿಗೂ ದೊಡ್ಡಾಸ್ಪತ್ರೆಗೆ ಹೈದರಾಬಾದಿನ ಬಸ್ಸು ಹತ್ತೋದು ಯಾಕೆ ಅಂತ ನಮ್ಮ ದಕ್ಷಿಣದವರು ಕೇಳಿದರೆ, ಉತ್ತರ ಇಲ್ಲಿದೆ.

ನನ್ನ ಮಗಳು ಹುಟ್ಟಿದ್ದು ಇಲ್ಲೇ. ತಟ್ಟೆ ನೋಡಿ "ನಾನ್ನಾ, ಗುತ್ತಿ ವಂಕಾಯ!" ಅಂತಾಳೆ. ಅಪ್ಪ ಅನ್ನೋದೂ ಹೋಯ್ತು, ಎಣ್ಣೆಗಾಯಿಯೂ ಹೋಯ್ತು ಅಂತ ಮೊದಮೊದಲು ಎದೆ ಧಸಕ್ ಅನ್ನುತ್ತಿತ್ತು. ಈಗಲೂ ತಿದ್ದುತ್ತೀನಿ, ಸುಳ್ಳು ಹೇಳಲ್ಲ. ಆದರೆ ತಿದ್ದುವ ರೀತಿ ಬದಲಾಗಿದೆ. "ತಪ್ಪು" ಅನ್ನಲ್ಲ. "ಅದರ ಕನ್ನಡದ ಹೆಸರು ಹೇಳು ನೋಡೋಣ" ಅಂತೀನಿ. ಹೇಳ್ತಾಳೆ. ಹೇಳಿ, ನಾಲ್ಕನೇ ಕಾಯಿಗೆ ತಟ್ಟೆ ಚಾಚುತ್ತಾಳೆ.

ಹೊಸದಾಗಿ ಬಂದಿಳಿದವರಿಗೆ ಒಂದೇ ಸಲಹೆ: ಮೊದಲ ಭಾನುವಾರವೇ ಬಾಣಲೆ ಕೊಳ್ಳಿ, ಎಣ್ಣೆ ಹಾಕೋದರಲ್ಲಿ ಕೈ ಹಿಡೀಬೇಡಿ. ಕೊಬ್ಬರಿ ಬೇಕಿದ್ದರೆ ನಮ್ಮ ಕಡೆಯದೇ ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತೆ. ಮುಂದಿನ ವಾರ ವಾಡಿ ಜಂಕ್ಷನ್ ಕಥೆಯೊಂದಿಗೆ ಸಿಗ್ತೀನಿ.