ಗಂಟೆಯ ಹಾಡು ಮತ್ತು ಒಬ್ಬ ಹಳ್ಳಿ ಮೇಷ್ಟ್ರು

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಎಲ್ಲರಂತೆ ನಾನೂ ಶಾಲೆಯ ನೆನಪುಗಳನ್ನು ಬರೆಯೋಣ ಎಂದುಕೊಂಡಿದ್ದೆ. ಆದರೆ ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ಆದ್ದರಿಂದ ಒಬ್ಬ ಮೇಷ್ಟ್ರ ಬಗ್ಗೆ ಬರೆಯುತ್ತೇನೆ. ಅವರು ನಮ್ಮ ಶಾಲೆಯವರಲ್ಲ, ನಮ್ಮ ದೇಶದವರೂ ಅಲ್ಲ. ಆದರೂ ಅವರು ಕಟ್ಟಿದ ಒಂದು ರಾಗವನ್ನು ಈ ಸಂಚಿಕೆ ಓದುವವರಲ್ಲಿ ಬಹಳ ಮಂದಿ ಕೇಳಿಯೇ ಇರುತ್ತೀರಿ.

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮಾಲ್‌ಗಳಲ್ಲಿ, ಆಫೀಸಿನ ಲಿಫ್ಟ್‌ಗಳಲ್ಲಿ ಕ್ರಿಸ್‌ಮಸ್ ಹಾಡುಗಳು ಶುರುವಾಗುತ್ತವೆ. ಅವುಗಳಲ್ಲಿ ಒಂದು, ನಾಲ್ಕೇ ಸ್ವರಗಳ ತುಣುಕು ಗಿರಗಿರನೆ ಸುತ್ತಿಕೊಂಡು ಬರುವ ಹಾಡು. ಇಂಗ್ಲಿಷಿನಲ್ಲಿ ಅದರ ಹೆಸರು ‘ಕ್ಯಾರಲ್ ಆಫ್ ದ ಬೆಲ್ಸ್’, ಅಂದರೆ ಗಂಟೆಗಳ ಕ್ಯಾರಲ್. 1990ರ ‘ಹೋಮ್ ಅಲೋನ್’ ಸಿನಿಮಾ ನೋಡಿದವರಿಗೆ ತಕ್ಷಣ ನೆನಪಾದೀತು. ನಮ್ಮ ಪ್ರಾಜೆಕ್ಟಿನಲ್ಲಿ ಕೀವ್ ನಗರದ ಹುಡುಗನೊಬ್ಬ ಕೆಲಸ ಮಾಡುತ್ತಿದ್ದ. ಒಮ್ಮೆ ಡಿಸೆಂಬರಿನ ಮೀಟಿಂಗ್ ಶುರುವಾಗುವ ಮೊದಲು ನಾನು ಈ ರಾಗವನ್ನು ಗುನುಗುತ್ತಿದ್ದೆ. “ಅಮೆರಿಕದವರ ಈ ಹಾಡು ಚೆನ್ನಾಗಿದೆ” ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಅಮೆರಿಕದ್ದಲ್ಲ, ಕ್ರಿಸ್‌ಮಸ್ಸಿನದೂ ಅಲ್ಲ, ಅದರಲ್ಲಿ ಗಂಟೆಯೂ ಇಲ್ಲ” ಅಂದ. ಆ ರಾತ್ರಿಯಿಂದ ಹುಡುಕತೊಡಗಿದೆ.

ಹಾಡನ್ನು ಕಟ್ಟಿದವರು ಮಿಕೊಲಾ ಲಿಯೊಂತೊವಿಚ್. 1877ರಲ್ಲಿ ಉಕ್ರೇನಿನ ಪೊಡೋಲಿಯಾ ಎಂಬ ಸೀಮೆಯ ಮೊನಸ್ತಿರೊಕ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆಗ ಆ ಭಾಗ ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಅವರು ಹುಟ್ಟುವ ಹಿಂದಿನ ವರ್ಷ, 1876ರಲ್ಲಿ, ಚಕ್ರವರ್ತಿಯ ಆಜ್ಞೆಯೊಂದು ಉಕ್ರೇನಿಯನ್ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕುವುದನ್ನು ನಿಷೇಧಿಸಿತ್ತು. ಸ್ವರಲಿಪಿಯ ಕೆಳಗೆ ಆ ಭಾಷೆಯ ಸಾಹಿತ್ಯವನ್ನು ಮುದ್ರಿಸುವುದೂ ಅಪರಾಧವಾಗಿತ್ತು. ಹಳ್ಳಿಯವರು ಹಾಡಿಕೊಳ್ಳುವ ಪದಗಳನ್ನು ಸಂಗ್ರಹಿಸುವುದೇ ಅಂಥ ಕಾಲದಲ್ಲಿ ಒಂದು ಬಗೆಯ ಹಟ ಎಂದು ನನಗನ್ನಿಸುತ್ತದೆ.

ಲಿಯೊಂತೊವಿಚ್ ಅವರ ತಂದೆ ಪಾದ್ರಿ. ಮಗನನ್ನೂ ಪಾದ್ರಿಯಾಗಲು ಸೆಮಿನರಿಗೆ ಕಳಿಸಿದರು. 1899ರಲ್ಲಿ ಓದು ಮುಗಿಸಿದ ಮಗ ಪಾದ್ರಿಯಾಗಲಿಲ್ಲ, ಮೇಷ್ಟ್ರಾದ. ಚುಕಿವ್ ಎಂಬ ಹಳ್ಳಿಯ ಶಾಲೆಯಲ್ಲಿ ಅವರಿಗೆ ಸಿಕ್ಕ ವಿಷಯಗಳು ಎರಡು: ಸಂಗೀತ ಮತ್ತು ಗಣಿತ. ಗಣಿತದ ಜೊತೆ ಇನ್ನೊಂದು ವಿಷಯವನ್ನೂ ಹೊರಬೇಕಾದ ಮೇಷ್ಟ್ರುಗಳ ಪಾಡು ನಮ್ಮೂರಿನವರಿಗೆ ಹೊಸದೇನಲ್ಲ. ಆಮೇಲೆ ಊರಿಂದೂರಿಗೆ ಅಲೆದಾಟ. 1904ರಲ್ಲಿ ದೂರದ ದೊನ್‌ಬಾಸಿನ ಗ್ರಿಶಿನೊ ರೈಲು ನಿಲ್ದಾಣದ ಊರಿಗೆ ಹೋಗಿ, ರೈಲ್ವೆ ಕೆಲಸಗಾರರ ಮಕ್ಕಳಿಗೆ ಹಾಡು ಕಲಿಸಿದರು. ಅಲ್ಲಿ ಕೂಲಿಕಾರರನ್ನೇ ಸೇರಿಸಿ ಒಂದು ಗಾಯನ ತಂಡ ಕಟ್ಟಿದರು. 1905ರ ಕ್ರಾಂತಿಯ ಸಮಯದಲ್ಲಿ ಆ ತಂಡ ಸಭೆಗಳಲ್ಲಿ ಹಾಡಿತು, ಅಧಿಕಾರಿಗಳ ಕಣ್ಣು ಬಿತ್ತು, ಮೇಷ್ಟ್ರು ತಮ್ಮ ಸೀಮೆಗೆ ಮರಳಬೇಕಾಯಿತು. ಆ ಗ್ರಿಶಿನೊ ಇರುವ ಊರೇ ಇಂದಿನ ಪೊಕ್ರೊವ್ಸ್ಕ್. ಯುದ್ಧದ ಸುದ್ದಿ ಓದುವವರಿಗೆ ಆ ಹೆಸರು ಗೊತ್ತಿರುತ್ತದೆ. 1908ರಿಂದ ಅವರು ತುಲ್ಚಿನ್ ಎಂಬ ಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಮೇಷ್ಟ್ರು.

ಇನ್ನು ಹಾಡಿಗೆ ಬರೋಣ. ಉಕ್ರೇನಿಯನ್ನಿನಲ್ಲಿ ಅದರ ಹೆಸರು ‘ಶ್ಚೆದ್ರಿಕ್’. ‘ಶ್ಚೆದ್ರಿಯ್’ ಎಂದರೆ ಉದಾರವಾದ, ಸಮೃದ್ಧವಾದ ಎಂದರ್ಥ. ಹಳೆಯ ಪಂಚಾಂಗದ ಹೊಸವರ್ಷದ ಹಿಂದಿನ ಸಂಜೆ, ಅಂದರೆ ನಮ್ಮ ಕ್ಯಾಲೆಂಡರಿನ ಜನವರಿ 13ರಂದು, ಹುಡುಗಿಯರು ಮನೆಮನೆಗೆ ಹೋಗಿ ಇಂಥ ಪದಗಳನ್ನು ಹಾಡಿ ಕಾಣಿಕೆ ಪಡೆಯುವ ರೂಢಿ ಅಲ್ಲಿತ್ತು. ದೀಪಾವಳಿಯ ರಾತ್ರಿ ದೀಪ ಹಿಡಿದು ಬಾಗಿಲಿಗೆ ಬಂದು ಹಾಡುವ ನಮ್ಮ ಮಲೆನಾಡಿನ ಅಂಟಿಗೆ ಪಂಟಿಗೆಯವರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಾಡಿನಲ್ಲಿರುವುದು ಒಂದು ಹಕ್ಕಿ. ಚಳಿಗಾಲದಲ್ಲಿ ನಮ್ಮೂರ ಕರೆಂಟು ತಂತಿಯ ಮೇಲೆ ಸಾಲಾಗಿ ಕೂರುವ, ಬಾಲ ಕವಲೊಡೆದ ಅಂಬರಗುಬ್ಬಿಯ ಜಾತಿಯದು. ಅದು ಹಾರಿಬಂದು ಮನೆಯ ಯಜಮಾನನನ್ನು ಹೊರಗೆ ಕರೆಯುತ್ತದೆ: ಕೊಟ್ಟಿಗೆಗೆ ಹೋಗಿ ನೋಡು, ಕುರಿ ಮರಿ ಹಾಕಿದೆ, ನಿನಗೆ ದುಡ್ಡು ಬರುತ್ತದೆ, ನಿನ್ನ ಹೆಂಡತಿ ಚೆಲುವೆ ಎಂದು ಹರಸುತ್ತದೆ. ಇಷ್ಟೇ ಕಥೆ. ಯೇಸುವಿನ ಹೆಸರಾಗಲಿ ದೇವದೂತರಾಗಲಿ ಇಲ್ಲ.

ಒಂದು ಅನುಮಾನ ಬರಬೇಕು. ಜನವರಿಯಲ್ಲಿ ಉಕ್ರೇನಿನಲ್ಲಿ ಮೊಳಕಾಲುದ್ದ ಹಿಮ, ಈ ಹಕ್ಕಿ ಅಲ್ಲಿಗೆ ಬರುವುದು ವಸಂತದಲ್ಲಿ. ಹಾಗಿದ್ದರೆ ಹಿಮದ ನಡುವೆ ಹಕ್ಕಿ ಎಲ್ಲಿಂದ ಬಂತು? ಕ್ರೈಸ್ತ ಧರ್ಮ ಆ ನಾಡಿಗೆ ಬರುವ ಮೊದಲು ಅಲ್ಲಿನ ಜನಕ್ಕೆ ಹೊಸವರ್ಷ ವಸಂತದಲ್ಲೇ ಶುರುವಾಗುತ್ತಿತ್ತು, ನಮ್ಮ ಯುಗಾದಿಯಂತೆ. ಪಂಚಾಂಗ ಬದಲಾಯಿತು, ಹಬ್ಬ ಚಳಿಗಾಲಕ್ಕೆ ಜಾರಿತು, ಹಾಡಿನೊಳಗಿನ ಹಕ್ಕಿ ಮಾತ್ರ ಹಾಗೇ ಉಳಿದುಬಿಟ್ಟಿತು. ಹಳೆಯ ಪ್ರೋಗ್ರಾಮಿನಲ್ಲಿ ಯಾರೂ ಅಳಿಸದೆ ಬಿಟ್ಟ ಒಂದು ಸಾಲಿನಿಂದ ಅದರ ಇತಿಹಾಸವನ್ನು ಊಹಿಸುವ ಕೆಲಸ ನಮ್ಮದು. ಅದಕ್ಕೇ ಇರಬೇಕು, ಈ ವಿವರ ನನಗೆ ಬಹಳ ಹಿಡಿಸಿತು.

ಲಿಯೊಂತೊವಿಚ್ ಮೇಷ್ಟ್ರಿಗೆ ಜನಪದದಿಂದ ಸಿಕ್ಕಿದ್ದು ಬಹಳ ಸಣ್ಣ ವಸ್ತು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಗ-ರಿ-ಗ-ಸ, ಅದೂ ಸಾಧಾರಣ ಗಾಂಧಾರ. ನುಡಿಸುವ ಸ್ವರ ನಾಲ್ಕು, ಬೇರೆ ಬೇರೆ ಸ್ಥಾನ ಮೂರೇ. ಒಂದನೇ ತರಗತಿಯ ಮಗುವೂ ಹಾಡಬಹುದು. ಇದನ್ನು ಅವರು ನಾಲ್ಕು ದನಿಗಳ ಮೇಳಕ್ಕೆ ಹೊಂದಿಸಿದರು. ಬೆಳಗಿನ ಪ್ರಾರ್ಥನೆಯಲ್ಲಿ ನಾವೆಲ್ಲ ನಾಡಗೀತೆಯನ್ನು ಒಂದೇ ಧಾಟಿಯಲ್ಲಿ ಹಾಡುತ್ತಿದ್ದೆವು. ಪಾಶ್ಚಾತ್ಯರ ಮೇಳಗಾನದಲ್ಲಿ ಹಾಗಲ್ಲ. ಹೆಣ್ಣುದನಿಯಲ್ಲಿ ಎರಡು, ಗಂಡುದನಿಯಲ್ಲಿ ಎರಡು, ನಾಲ್ಕೂ ಗುಂಪು ಏಕಕಾಲಕ್ಕೆ ಬೇರೆ ಬೇರೆ ಸ್ವರ ಹಾಡುತ್ತವೆ. ಶ್ಚೆದ್ರಿಕ್‌ನಲ್ಲಿ ಮೊದಲು ಮೇಲಿನ ದನಿ ಒಂಟಿಯಾಗಿ ಆ ನಾಲ್ಕು ಸ್ವರ ಹಿಡಿಯುತ್ತದೆ. ಅದು ತಿರುಗುತ್ತಲೇ ಇರುವಾಗ ಕೆಳಗಿನ ದನಿಗಳು ಒಂದೊಂದಾಗಿ ಸೇರುತ್ತವೆ. ಮೇಲಿನ ಸ್ವರ ಬದಲಾಗಿಲ್ಲ, ಆದರೆ ಕೆಳಗೆ ನೆಲ ಸರಿದಂತೆ ಅದರ ಬಣ್ಣ ಬದಲಾಗುತ್ತದೆ. ನಡುವೆ ಜೋರಾಗಿ ಉಕ್ಕಿ, ಮತ್ತೆ ತಗ್ಗಿ, ಕೊನೆಗೆ ಆರಂಭದ ನಾಲ್ಕು ಸ್ವರಗಳು ಪಿಸುಮಾತಿನಂತೆ ಉಳಿಯುತ್ತವೆ. ಒಂದು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೇ. ಅಷ್ಟಕ್ಕಾಗಿ ಅವರು ಸುಮಾರು ಹದಿನೆಂಟು ವರ್ಷ, ಐದು ಸಲ ತಿದ್ದಿದರು.

1916ರ ಡಿಸೆಂಬರಿನಲ್ಲಿ ಕೀವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡ ಒಲೆಕ್ಸಾಂದರ್ ಕೋಶಿತ್ಸ್ ಅವರ ನಿರ್ದೇಶನದಲ್ಲಿ ಇದನ್ನು ಹಾಡಿತು. ಹಾಡು ಹೊರದೇಶ ಕಂಡದ್ದು ರಾಜಕೀಯದ ಕಾರಣಕ್ಕೆ. 1918ರಲ್ಲಿ ಸ್ವತಂತ್ರ ಎಂದು ಘೋಷಿಸಿಕೊಂಡ ಉಕ್ರೇನನ್ನು ಜಗತ್ತು ಗುರುತಿಸಬೇಕಿತ್ತು. ಪ್ಯಾರಿಸ್ಸಿನಲ್ಲಿ ಮೊದಲ ಮಹಾಯುದ್ಧದ ನಂತರದ ಶಾಂತಿ ಸಮ್ಮೇಳನ ನಡೆದಿತ್ತು. 1919ರ ಜನವರಿಯಲ್ಲಿ ಆ ಸರ್ಕಾರದ ಮುಖಂಡ ಸಿಮೊನ್ ಪೆಟ್ಲ್ಯೂರಾ, ಒಂದು ಗಾಯನ ತಂಡ ಕಟ್ಟಿ ಯುರೋಪಿಗೆ ಹೊರಡಿ ಎಂದು ಕೋಶಿತ್ಸ್ ಅವರಿಗೆ ಆದೇಶ ಕೊಟ್ಟರು. ಫೆಬ್ರವರಿ ಮೊದಲ ವಾರದಲ್ಲಿ ತಂಡ ಕೀವ್ ಬಿಟ್ಟಿತು, ಅದರ ಬೆನ್ನಿಗೇ ನಗರ ಬೊಲ್ಶೆವಿಕ್ ಸೇನೆಯ ವಶವಾಯಿತು. ಮೇ ತಿಂಗಳಲ್ಲಿ ಪ್ರಾಗ್ ನಗರದಲ್ಲಿ ಮೊದಲ ಕಛೇರಿ. ಆಮೇಲೆ ವಿಯೆನ್ನಾ, ಪ್ಯಾರಿಸ್, ಲಂಡನ್. ಎಲ್ಲೆಡೆ ಈ ಪುಟ್ಟ ಹಾಡಿಗೇ ಹೆಚ್ಚು ಚಪ್ಪಾಳೆ. ಚಪ್ಪಾಳೆ ಸಿಕ್ಕಿತು, ರಾಜ್ಯ ಉಳಿಯಲಿಲ್ಲ. 1922ರ ಅಕ್ಟೋಬರ್ 5ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡುವ ಹೊತ್ತಿಗೆ ಅವರು ಇಲ್ಲದ ದೇಶದ ರಾಯಭಾರಿಗಳಾಗಿದ್ದರು. ಕೋಶಿತ್ಸ್ ಊರಿಗೆ ಮರಳಲೇ ಇಲ್ಲ, 1944ರಲ್ಲಿ ಕೆನಡಾದಲ್ಲಿ ತೀರಿಕೊಂಡರು.

ಮೇಷ್ಟ್ರು ಈ ಪ್ರವಾಸದಲ್ಲಿ ಇರಲಿಲ್ಲ. ಕೀವ್‌ನಲ್ಲಿ ಸ್ವಲ್ಪ ಕಾಲ ಪಾಠ ಮಾಡಿ, ಇನ್ನೊಂದು ಸೇನೆ ನಗರ ಹಿಡಿದಾಗ ತಪ್ಪಿಸಿಕೊಂಡು ತುಲ್ಚಿನ್ನಿಗೆ ಮರಳಿದ್ದರು. 1921ರ ಜನವರಿಯಲ್ಲಿ ಮಾರ್ಕಿವ್ಕಾ ಹಳ್ಳಿಯ ತಂದೆಯ ಮನೆಗೆ ಹೋಗಿದ್ದರು. ರಾತ್ರಿ ಒಬ್ಬ ಅಪರಿಚಿತ ಬಂದು ತಂಗಲು ಜಾಗ ಕೇಳಿದ. ಮನೆಯವರು ಒಳಗೆ ಕರೆದು ಮಲಗಲು ಜಾಗ ಕೊಟ್ಟರು. ಜನವರಿ 23ರ ಬೆಳಗಿನ ಜಾವ ಆತ ಮೇಷ್ಟ್ರಿಗೆ ಗುಂಡು ಹಾರಿಸಿ, ಮನೆ ದೋಚಿಕೊಂಡು ಹೋದ. ಅವರಿಗಾಗ 43 ವರ್ಷ. ಬಂದವನು ಸೋವಿಯತ್ ಗುಪ್ತದಳ ‘ಚೆಕಾ’ದ ಮನುಷ್ಯ ಎಂಬ ದಾಖಲೆ ಜನರಿಗೆ ತಿಳಿದದ್ದು 1990ರ ದಶಕದಲ್ಲಿ. ಅವರು ಪ್ರಾಣ ಬಿಟ್ಟ ದಿನಗಳಲ್ಲಿ ಅವರ ಹಾಡು ಯುರೋಪಿನ ಊರೂರುಗಳಲ್ಲಿ ಮೊಳಗುತ್ತಿತ್ತು. ಮನೆಮನೆಗೆ ಬಂದು ಹಾಡಿ ಹರಸುವವರ ಪದವನ್ನು ಜಗತ್ತಿಗೆ ಕೊಟ್ಟವರು, ರಾತ್ರಿ ಮನೆಗೆ ಬಂದ ಅತಿಥಿಯಿಂದಲೇ ಸತ್ತರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಗಂಟೆಗಳು ಎಲ್ಲಿಂದ ಬಂದವು? ನ್ಯೂಯಾರ್ಕಿನ ಪೀಟರ್ ವಿಲ್ಹೌಸ್ಕಿ ಎಂಬವರಿಂದ. ಅವರ ಹಿರಿಯರೂ ಪೂರ್ವ ಯುರೋಪಿನಿಂದ ವಲಸೆ ಬಂದವರೇ, ಅವರೂ ಶಾಲಾ ಮಕ್ಕಳಿಗೆ ಹಾಡು ಕಲಿಸುವ ಮೇಷ್ಟ್ರೇ. ತಮ್ಮ ಹೈಸ್ಕೂಲ್ ಮಕ್ಕಳ ತಂಡ ರೇಡಿಯೊದಲ್ಲಿ ಹಾಡಬೇಕಿತ್ತು, ಒಂದು ಚಿಕ್ಕ ಹಾಡು ಬೇಕಿತ್ತು. ಮಕ್ಕಳಿಗೆ ಉಕ್ರೇನಿಯನ್ ನಾಲಿಗೆಗೆ ಬಾರದು. ಹಕ್ಕಿಯ ಸಾಹಿತ್ಯವನ್ನು ಪಕ್ಕಕ್ಕಿಟ್ಟು, ಆ ರಾಗದಲ್ಲಿ ತಮಗೆ ಕೇಳಿಸಿದ ಗಂಟೆಗಳ ಕಿಣಿಕಿಣಿಯ ಮೇಲೆ ಇಂಗ್ಲಿಷ್ ಪದ ಬರೆದರು. 1936ರಲ್ಲಿ ಅದು ಅಚ್ಚಾಯಿತು. ಅಂದಿನಿಂದ ಅದು ಕ್ರಿಸ್‌ಮಸ್ ಹಾಡು. ನನ್ನ ಗೆಳೆಯನಿಗೆ ವಿಲ್ಹೌಸ್ಕಿ ಮೇಲೆ ಸಿಟ್ಟಿದೆ. ನನಗಿಲ್ಲ. ಅಂದು ಗಂಟೆ ಬಾರಿಸದಿದ್ದರೆ ಈ ಹಕ್ಕಿ ನಮ್ಮ ಲಿಫ್ಟಿನವರೆಗೆ ಹಾರಿಬರುತ್ತಿರಲಿಲ್ಲ. ನನಗೆ ಬೇಸರವಿರುವುದು ಬೇರೆ ಕಾರಣಕ್ಕೆ. ಮುದ್ರಿತ ಪ್ರತಿಯಲ್ಲಿ ಲಿಯೊಂತೊವಿಚ್ ಹೆಸರಿದೆ. ಆದರೆ ಹಾಡು ಸ್ಪೀಕರಿಗೆ, ಜಾಹೀರಾತಿಗೆ, ರಿಂಗ್‌ಟೋನಿಗೆ ಇಳಿದಾಗ ಮೊದಲು ಉದುರಿಹೋದದ್ದು ಆ ಹೆಸರು. ನಾನೂ ಅಂಥ ಉದುರಿಸಿದವರಲ್ಲಿ ಒಬ್ಬ.

2022ರ ಡಿಸೆಂಬರಿನಲ್ಲಿ, ಆ ಹಳೆಯ ಕಛೇರಿಯ ನೂರನೇ ವರ್ಷಕ್ಕೆ, ಕೀವ್‌ನಿಂದ ‘ಶ್ಚೆದ್ರಿಕ್’ ಎಂಬ ಹೆಸರಿನದೇ ಮಕ್ಕಳ ತಂಡ ಹೋಗಿ ಅದೇ ಕಾರ್ನೆಗಿ ಹಾಲ್‌ನಲ್ಲಿ ಹಾಡಿತು. ಆಗ ಅವರ ಊರಿನಲ್ಲಿ ಕ್ಷಿಪಣಿಗಳು ಬೀಳುತ್ತಿದ್ದವು, ದಿನಕ್ಕೆ ಹಲವು ಗಂಟೆ ಕರೆಂಟು ಇರುತ್ತಿರಲಿಲ್ಲ. ನಮ್ಮ ಪ್ರಾಜೆಕ್ಟಿನ ಹುಡುಗ ಆ ತಿಂಗಳು ಜನರೇಟರ್ ಇದ್ದ ಕಡೆ ಲ್ಯಾಪ್‌ಟಾಪ್ ಹೊತ್ತು ತಿರುಗುತ್ತಿದ್ದ. ಅಲ್ಲಿಂದಲೇ ನನಗೆ ಅದರ ವಿಡಿಯೊ ಕಳಿಸಿದ.

ಕೊನೆಗೊಂದು ಕೆಲಸದ ಮಾತು. ವಿಲ್ಹೌಸ್ಕಿಯವರ ಇಂಗ್ಲಿಷ್ ಪದಗಳಿಗೆ ಅಮೆರಿಕದಲ್ಲಿ ಇನ್ನೂ ಹಕ್ಕುಸ್ವಾಮ್ಯವಿದೆ, ಮೇಷ್ಟ್ರ ರಾಗಕ್ಕಿಲ್ಲ. ಅದನ್ನು ಯಾರು ಬೇಕಾದರೂ ಹಾಡಬಹುದು. ಬಿ.ಇ. ಓದುವಾಗ ಕೀಬೋರ್ಡಿನಲ್ಲಿ ಕಲಿತ ಅಲ್ಪಸ್ವಲ್ಪದಿಂದ ನಾಲ್ಕೂ ದನಿಗಳ ಸ್ವರಗಳನ್ನು ಸ-ರಿ-ಗ-ಮದಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಹಾಡಿಸುವ ಮನಸ್ಸು ನಮ್ಮ ಶಾಲೆಯ ಗುರುಗಳಿಗೆ ಬಂದರೆ ಕಳಿಸಿಕೊಡುತ್ತೇನೆ. ಇಪ್ಪತ್ತು ಮಕ್ಕಳು ಸಾಕು. ಪ್ರಾರ್ಥನೆ ಹೇಳಿಸುವ ಹುಡುಗಿಯರಿಗೆ ಮೇಲಿನ ದನಿ ಕೊಡಿ, ಗ-ರಿ-ಗ-ಸ ಒಂದೇ ದಿನದಲ್ಲಿ ಬರುತ್ತದೆ. ಕಷ್ಟವಿರುವುದು ಕೆಳಗಿನ ಮೂರು ದನಿಗಳಲ್ಲಿ.