ಮಾತ್ರೆ ತಪ್ಪುವ ದಿನಗಳು: ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಖಿನ್ನತೆ-ಆತಂಕದ ಔಷಧ ಆಯ್ಕೆ

ಖಿನ್ನತೆಗೆ ಯಾವ ಮಾತ್ರೆ ಮೇಲು? 2018ರಲ್ಲಿ ಸಿಪ್ರಿಯಾನಿ ಮತ್ತು ಸಂಗಡಿಗರು 522 ಪ್ರಯೋಗಗಳನ್ನು ಒಟ್ಟಿಗೆ ತೂಗಿ ‘ಲ್ಯಾನ್ಸೆಟ್’ನಲ್ಲಿ ಉತ್ತರ ಕೊಟ್ಟರು: 21 ಔಷಧಗಳೂ ಹುಸಿಮಾತ್ರೆಗಿಂತ ವಾಸಿ, ಅವುಗಳೊಳಗಿನ ಅಂತರ ಮಾತ್ರ ಅಲ್ಪ. ಆ ಅಲ್ಪ ಅಂತರವನ್ನು ನೆಚ್ಚಿ ಹನೂರು ಕಡೆಯ ಪೊನ್ನಾಚಿಯ ರೋಗಿಗೆ ಚೀಟಿ ಬರೆಯಲಾಗದು. ಇಲ್ಲಿ ಮೊದಲು ನೋಡಬೇಕಾದದ್ದು ಎರಡು ಭೇಟಿಗಳ ನಡುವಿನ ಅವಧಿ ಎಂಬುದು ನನ್ನ ವಾದ.

ಈ ಸೀಮೆಗೆ ಮಾನಸಿಕ ಚಿಕಿತ್ಸೆ ಹೊಸದಲ್ಲ. 1996ರಿಂದ ಕರುಣಾ ಟ್ರಸ್ಟ್ ನಡೆಸಿದ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರ ಅದನ್ನು ಸಾಮಾನ್ಯ ಚಿಕಿತ್ಸೆಯೊಳಕ್ಕೇ ತಂದಿತು. ಮುಂದೆ ರಾಜ್ಯದ ‘ಮನೋಚೈತನ್ಯ’ ಯೋಜನೆ ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಕರೆತಂದಿತು. ಆದರೆ ಕೂಲಿ ಬಿಟ್ಟು, ಬಸ್ಸು ಕಾದು ಬರುವವರಿಗೆ ಒಂದು ಮಂಗಳವಾರ ತಪ್ಪಿದರೆ ಮಾತ್ರೆಯೂ ತಪ್ಪುತ್ತದೆ.

ಖಿನ್ನತೆಯ ಮಾತ್ರೆಗಳಲ್ಲಿ ಫ್ಲುಯೊಕ್ಸೆಟಿನ್‌ನ ಬೆಲೆ ತಿಳಿಯುವುದು ಆಗಲೇ. ದೇಹದಲ್ಲಿ ಅದರಿಂದ ಹುಟ್ಟುವ ನಾರ್‌ಫ್ಲುಯೊಕ್ಸೆಟಿನ್‌ನ ಅರ್ಧಾಯು 4ರಿಂದ 16 ದಿನ. ಎಸಿಟಲೋಪ್ರಾಮ್‌ನದು ಸುಮಾರು 30 ಗಂಟೆ. ಎರಡು-ಮೂರು ದಿನ ಮಾತ್ರೆ ಬಿಟ್ಟರೆ ಮೊದಲನೆಯದರಲ್ಲಿ ಅಷ್ಟೇನೂ ಗೊತ್ತಾಗದು. ಎರಡನೆಯದರಲ್ಲಿ ತಲೆಸುತ್ತು, ಕಿರಿಕಿರಿ ಕಾಣಿಸಬಹುದು. ರೋಗಿ ಅದನ್ನು ಕಾಯಿಲೆ ಮರುಕಳಿಸಿತೆಂದೇ ತಿಳಿಯುತ್ತಾನೆ.

ಆತಂಕವೇ ಮುಂದಾಗಿದ್ದರೆ ಲೆಕ್ಕ ಬದಲಾಗುತ್ತದೆ. ‘ಎದ ಡವಡವ ಅಂತದ, ನಿದ್ದ ಬತ್ತಿಲ್ಲ’ ಎಂದು ಬಂದವರಿಗೆ ಫ್ಲುಯೊಕ್ಸೆಟಿನ್ ಮೊದಲ ವಾರದಲ್ಲಿ ಚಡಪಡಿಕೆ ಹೆಚ್ಚಿಸಬಹುದು. ಅಂಥವರಿಗೆ 5 ಮಿಲಿಗ್ರಾಂ ಎಸಿಟಲೋಪ್ರಾಮ್‌ನಿಂದ ಶುರುಮಾಡುವುದು ಲೇಸು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ತೊಂದರೆ ಮಾತ್ರ ಮೊದಲೇ ಬರುತ್ತದೆ ಎಂಬುದನ್ನು ಅಂದೇ ಬಿಡಿಸಿ ಹೇಳಬೇಕು. ಇಲ್ಲವಾದರೆ ಮಾತ್ರೆ ಗೂಡಿನಲ್ಲೇ ಉಳಿಯುತ್ತದೆ. ನಡುವೆ ಕೇಳಲು ಟೆಲಿ-ಮಾನಸ್‌ನ ಸಹಾಯವಾಣಿ 14416 ಇದೆ.

ಅಮಿಟ್ರಿಪ್ಟಿಲಿನ್ ಅಗ್ಗ, ನಿದ್ದೆ ತರಿಸುತ್ತದೆ, ಮೈಕೈ ನೋವಿಗೂ ಆಗುತ್ತದೆ. ಹಳೆಯ ವೈದ್ಯರ ಒಲವು ಸುಳ್ಳಲ್ಲ. ಆದರೆ ಹೆಚ್ಚು ಮಾತ್ರೆ ಒಟ್ಟಿಗೆ ನುಂಗಿದರೆ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲದು. ಸಾಯುವ ಮಾತಾಡಿದವರ ಕೈಗೆ ತಿಂಗಳ ಮಾತ್ರೆ ಒಮ್ಮೆಗೇ ಕೊಡುವುದು ಅಪಾಯ. ಮುದುಕರಲ್ಲಿ ಮೂತ್ರ ಕಟ್ಟುವುದು, ಮಲಬದ್ಧತೆ, ಎದ್ದಾಗ ಬೀಳುವುದೂ ಇದೆ.

ನೋವಿನ ಗುಳಿಗೆಯನ್ನು ಯಾರೂ ಔಷಧವೆಂದು ಎಣಿಸುವುದಿಲ್ಲ. ಕೇಳದೆ ಹೇಳುವುದೂ ಇಲ್ಲ. ಮೆಡಿಕಲ್ ಅಂಗಡಿಯ ಡೈಕ್ಲೋಫಿನಾಕ್ ಜೊತೆ ಫ್ಲುಯೊಕ್ಸೆಟಿನ್ ಇಲ್ಲವೇ ಎಸಿಟಲೋಪ್ರಾಮ್ ಸೇರಿದರೆ ಹೊಟ್ಟೆಯೊಳಗಿನ ರಕ್ತಸ್ರಾವದ ಅಪಾಯ ಹೆಚ್ಚು.

ಗೋವಾದ ಸಾಮಾನ್ಯ ಹೊರರೋಗಿಗಳ ನಡುವೆ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಫ್ಲುಯೊಕ್ಸೆಟಿನ್ ಎರಡು ತಿಂಗಳಿಗೆ ಹುಸಿಮಾತ್ರೆಯನ್ನು ಮೀರಿಸಿತು. ಆಮೇಲೆ ಆ ಮೇಲುಗೈ ಉಳಿಯಲಿಲ್ಲ. ಮಾತ್ರೆ ಶುರುಮಾಡಿದರಷ್ಟೇ ಸಾಲದು. ಹಾಗಾಗಿ ಚೀಟಿಯಲ್ಲಿ ಔಷಧದ ಹೆಸರಿನ ಪಕ್ಕದಲ್ಲೇ ಮುಂದಿನ ಭೇಟಿಯ ತಾರೀಖು, ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸಬೇಕಾದ ಆಶಾ ಕಾರ್ಯಕರ್ತೆಯ ಹೆಸರು ಇರಬೇಕು.