ಒಂದು ದನಿ, ನಾಲ್ಕು ಮುಖ: ಕತ್ತಲೆಯಲ್ಲಿ ಹುಟ್ಟಿದ ರಾಕ್ ವಿಡಿಯೋ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ, ಆದ್ರೆ ಇವತ್ತಿನ ಸಂಚಿಕೆ ಕಣ್ಣಿನ ಬಗ್ಗೆ.

ಒಂದು ರಾಕ್ ಬ್ಯಾಂಡ್ ನಿಂತು ಹಾಡ್ತಿದೆ, ಬಾರಿಸ್ತಿದೆ. ಕಥೆ ಇಲ್ಲ, ನಾಯಕಿ ಇಲ್ಲ, ಫಾರಿನ್ ಲೊಕೇಶನ್ ಇಲ್ಲ. ಇಂಥದ್ದನ್ನ ಪರ್ಫಾರ್ಮೆನ್ಸ್ ವಿಡಿಯೋ ಅಂತಾರೆ. ಅದನ್ನ ನೋಡುವಾಗ ಇವರು ನಿಜವಾಗ್ಲೂ ಹಾಡ್ತಿದ್ದಾರೆ ಅಂತ ನಾವು ನಂಬಿಬಿಡ್ತೀವಿ. ಆ ನಂಬಿಕೆ ಎಲ್ಲಿಂದ ಬರುತ್ತೆ? ನನ್ನ ಪ್ರಕಾರ ಅರ್ಧದಷ್ಟು ಲೈಟಿನಿಂದ, ಇನ್ನರ್ಧ ಕ್ಯಾಮೆರಾದಿಂದ. ಯಾಕೆ ಹೀಗೆ ಹೇಳ್ತೀನಿ ಅನ್ನೋದಕ್ಕೆ 1975ರ ಇಂಗ್ಲೆಂಡಿಗೆ ಹೋಗಬೇಕು.

ಆ ವರ್ಷ ಅಕ್ಟೋಬರ್ 31ಕ್ಕೆ ಕ್ವೀನ್ ಬ್ಯಾಂಡಿನ 'ಬೊಹೀಮಿಯನ್ ರಾಪ್ಸಡಿ' ಬಿಡುಗಡೆಯಾಯ್ತು. ಸುಮಾರು ಆರು ನಿಮಿಷದ ಹಾಡು. 2018ರಲ್ಲಿ ಇದೇ ಹೆಸರಿನ ಸಿನಿಮಾ ಬಂದಮೇಲೆ ನಿಮ್ಮಲ್ಲಿ ಬಹಳ ಜನ ಇದನ್ನ ಕೇಳಿರ್ತೀರಿ. ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಕುಟುಂಬದವನು, ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ.

ಹಾಡಿನ ನಡುವೆ ಒಂದು ಒಪೆರಾ ಭಾಗ ಇದೆ. ಕೇಳಿದರೆ ದೊಡ್ಡ ಗಾಯಕವೃಂದವೇ ಹಾಡ್ತಿದೆ ಅನ್ಸುತ್ತೆ. ಆದರೆ ಅಲ್ಲಿರೋದು ಮೂರೇ ಜನ: ಫ್ರೆಡ್ಡಿ, ಗಿಟಾರಿಸ್ಟ್ ಬ್ರಯಾನ್ ಮೇ, ಡ್ರಮ್ಮರ್ ರೋಜರ್ ಟೇಲರ್. ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾಡಿ, ದನಿಯ ಮೇಲೆ ದನಿ ಪೇರಿಸಿದರು. ಹಾಡು ಶುರುವಾಗುವ, ವಾದ್ಯವಿಲ್ಲದ ಆ ಕೋರಸ್ ಇದೆಯಲ್ಲ, ಅದಂತೂ ಪೂರ್ತಿ ಫ್ರೆಡ್ಡಿ ಒಬ್ಬನದೇ ದನಿ. ಬೇಸ್ ಗಿಟಾರಿನ ಜಾನ್ ಡೀಕನ್ ಈ ರೆಕಾರ್ಡಿಂಗಿನಲ್ಲಿ ಹಾಡೇ ಇಲ್ಲ.

ಈಗ ಸಮಸ್ಯೆ ನೋಡಿ. ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮದಲ್ಲಿ ಬ್ಯಾಂಡುಗಳು ಬಂದು ತುಟಿ ಆಡಿಸೋದು ವಾಡಿಕೆ. ಆದರೆ ನವೆಂಬರಿನಲ್ಲಿ ಕ್ವೀನ್ ಟೂರ್ ಹೊರಟಿತ್ತು. ಅದೂ ಅಲ್ದೆ, ಉರಿಯೋ ಸ್ಟುಡಿಯೋ ಲೈಟಿನಲ್ಲಿ ನಾಲ್ಕು ಹುಡುಗರು ನಿಂತು ನೂರಾರು ದನಿಗೆ ತುಟಿ ಆಡಿಸಿದ್ರೆ ನೋಡೋರು ನಗ್ತಾರೆ.

ಯಾಕೆ ನಗ್ತಾರೆ? ಆಗಿನ ಟಿವಿ ಸ್ಟುಡಿಯೋದಲ್ಲಿ ಮೂರ್ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡ್ತಿದ್ದವು. ಯಾವ ಕಡೆಯಿಂದ ಹಿಡಿದರೂ ಚಿತ್ರ ಸರಿ ಬರಬೇಕು ಅಂತ ಎಲ್ಲ ಕಡೆಯೂ ಸಮನಾಗಿ ಬೆಳಕು ಚೆಲ್ಲುತ್ತಿದ್ದರು. ಎಲ್ಲವೂ ಕಾಣಿಸುತ್ತೆ: ನೆಲ, ವೈರು, ಪ್ಲಗ್ ಹಾಕದ ಗಿಟಾರು. ಅಷ್ಟು ಬೆಳಕಿನಲ್ಲಿ ನೋಡುಗನ ಕಲ್ಪನೆಗೆ ಕೆಲಸವೇ ಉಳಿಯಲ್ಲ.

ಹಾಗಾಗಿ ಬ್ಯಾಂಡು ತನ್ನದೇ ವಿಡಿಯೋ ಮಾಡೋಕೆ ಹೊರಟಿತು. ನವೆಂಬರ್ 10, ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋ. ನಿರ್ದೇಶಕ ಬ್ರೂಸ್ ಗೋವರ್ಸ್. ಶೂಟಿಂಗ್ ಸುಮಾರು ನಾಲ್ಕು ಗಂಟೆ, ಖರ್ಚು ಸುಮಾರು 4,500 ಪೌಂಡ್. ಫಿಲ್ಮ್ ಅಲ್ಲ, ವಿಡಿಯೋಟೇಪ್.

ಮೊದಲ ಶಾಟ್ ನೆನಪಿಸ್ಕೊಳ್ಳಿ. ಪೂರ್ತಿ ಕಪ್ಪು. ಅದರಲ್ಲಿ ನಾಲ್ಕು ಮುಖ, ವಜ್ರದ ಆಕಾರದಲ್ಲಿ. ಬೆಳಕು ಮೇಲಿಂದ ಬೀಳ್ತಿದೆ. ಕೆನ್ನೆಯ ಮೂಳೆ ಹೊಳೆಯುತ್ತೆ, ಕಣ್ಣಿನ ಗುಳಿಗಳಲ್ಲಿ ನೆರಳು ತುಂಬುತ್ತೆ, ಗದ್ದದ ಕೆಳಗೆ ಕತ್ತಲೆ. ಬಟ್ಟೆ ಕಪ್ಪು, ಹಿನ್ನೆಲೆ ಕಪ್ಪು, ಹಾಗಾಗಿ ಮೈಯೇ ಮಾಯ. ಮುಖಗಳು ತೇಲ್ತಿವೆ. ಮೈ ಇಲ್ಲದ ಮುಖಕ್ಕೆ ಎಷ್ಟು ದನಿ ಬೇಕಾದ್ರೂ ಇರಬಹುದು ಅಲ್ವಾ? ಒಬ್ಬನ ದನಿ ನಾಲ್ವರದಾಗಿದ್ದು, ಹಾಡದೇ ಇದ್ದ ಡೀಕನ್ ಕೂಡ ಹಾಡಿದ ಹಾಗೆ ಕಂಡಿದ್ದು ಈ ಬೆಳಕಿನಿಂದಲೇ.

ಈ ಬೆಳಕಿಗೂ ಒಂದು ವಂಶಾವಳಿ ಇದೆ. 1974ರಲ್ಲಿ ಬಂದ 'ಕ್ವೀನ್ 2' ಆಲ್ಬಮ್ಮಿನ ಮುಖಪುಟವೂ ಹೀಗೇ ಇದೆ. ಅದನ್ನ ತೆಗೆದದ್ದು ಫೋಟೋಗ್ರಾಫರ್ ಮಿಕ್ ರಾಕ್. ಅವನಿಗೆ ಸ್ಫೂರ್ತಿ 'ಶಾಂಘೈ ಎಕ್ಸ್‌ಪ್ರೆಸ್' ಚಿತ್ರದ ಕಾಲದ, ನಟಿ ಮಾರ್ಲೀನ್ ಡೀಟ್ರಿಚ್ ಅವರ ಒಂದು ಫೋಟೋ. 1932ರ ಆ ಚಿತ್ರದ ನಿರ್ದೇಶಕ ಯೋಸೆಫ್ ಫಾನ್ ಸ್ಟರ್ನ್‌ಬರ್ಗ್. ಕ್ಯಾಮೆರಾ ಹಿಡಿದ ಲೀ ಗಾರ್ಮ್ಸ್‌ಗೆ ಅದಕ್ಕೆ ಆಸ್ಕರ್ ಬಂತು. ಹಾಲಿವುಡ್ ತಾರೆಯನ್ನ ದೇವತೆಯ ಹಾಗೆ ತೋರಿಸೋಕೆ ಬಳಸಿದ ಬೆಳಕು, ನಾಲ್ಕು ದಶಕ ದಾಟಿ, ಉದ್ದ ಕೂದಲಿನ ನಾಲ್ಕು ಗಂಡಸರ ಮುಖದ ಮೇಲೆ ಬಿತ್ತು.

ಕ್ಯಾಮೆರಾ ಏನು ಮಾಡ್ತು? ಒಪೆರಾ ಭಾಗದಲ್ಲಿ ಒಂದು ಮುಖ ಹಲವು ಮುಖ ಆಗುತ್ತೆ. ಕಂಪ್ಯೂಟರ್ ಅಲ್ಲ, ಲೆನ್ಸ್ ಮುಂದೆ ಇಟ್ಟ ಪ್ರಿಸಮ್. ಫ್ರೆಡ್ಡಿಯ ಮುಖ ಒಂದರ ಹಿಂದೊಂದು ಸಾಲಾಗಿ ದೂರ ಸರಿಯೋದು ಇನ್ನೂ ಸರಳ: ಕ್ಯಾಮೆರಾವನ್ನ ಅದೇ ಚಿತ್ರ ತೋರಿಸ್ತಿರೋ ಮಾನಿಟರ್ ಕಡೆಗೆ ತಿರುಗಿಸಿದರು. ಮೈಕನ್ನ ಸ್ಪೀಕರ್ ಹತ್ತಿರ ತಂದ್ರೆ ಕುಯ್ಯ್ ಅನ್ನುತ್ತಲ್ಲ, ಅದರ ಕಣ್ಣಿನ ರೂಪ. ಎಲ್ಲಾ ಟ್ರಿಕ್ಕೂ ಶೂಟಿಂಗ್ ಹೊತ್ತಿನಲ್ಲೇ ಆಗಿದ್ದು, ಎಡಿಟಿಂಗಿನಲ್ಲಲ್ಲ. ದನಿ ಪೇರಿಸಿ ಕಟ್ಟಿದ ಹಾಡಿಗೆ ಮುಖ ಪೇರಿಸಿ ಕಟ್ಟಿದ ಚಿತ್ರ!

ಆಮೇಲೆ ಗಟ್ಟಿ ರಾಕ್ ಭಾಗ ಬರ್ತಿದ್ದ ಹಾಗೇ ಮತ್ತೆ ಸ್ಟೇಜು, ಲೈಟು. ಮೈಗಳು ವಾಪಸ್ ಬರ್ತವೆ, ಯಾಕಂದ್ರೆ ಆ ಭಾಗವನ್ನ ನಾಲ್ವರೂ ನಿಜವಾಗಿ ಬಾರಿಸಬಲ್ಲರು. ಆಮೇಲಿನ ಟೂರುಗಳಲ್ಲೂ ಇದೇ ಲೆಕ್ಕ: ಒಪೆರಾ ಬಂದಾಗ ಬ್ಯಾಂಡು ಸ್ಟೇಜ್ ಬಿಟ್ಟು ಹೋಗಿ ಟೇಪ್ ಹಾಕಿಸುತ್ತಿತ್ತು, ರಾಕ್ ಭಾಗಕ್ಕೆ ಬೆಳಕಿನ ಜೊತೆ ನುಗ್ಗಿ ಬರುತ್ತಿತ್ತು.

ನವೆಂಬರ್ 20ಕ್ಕೆ ವಿಡಿಯೋ ಟಿವಿಯಲ್ಲಿ ಬಂತು. ಹಾಡು ಬ್ರಿಟನ್ನಿನಲ್ಲಿ ಸತತ ಒಂಬತ್ತು ವಾರ ನಂಬರ್ ಒನ್. ಎಂಟಿವಿ ಶುರುವಾಗಿದ್ದು ಇದಾದ ಮೇಲೆ, 1981ರಲ್ಲಿ.

ಹಾಗಾದ್ರೆ ಇದು ಮೋಸನಾ? ಕನ್ನಡದವರಿಗೆ ಈ ಪ್ರಶ್ನೆ ಹೊಸದಲ್ಲ. ಪಿ.ಬಿ. ಶ್ರೀನಿವಾಸ್ ಹಾಡಿಗೆ ರಾಜ್‌ಕುಮಾರ್ ತುಟಿ ಆಡಿಸಿದಾಗ ಯಾರೂ ಮೋಸ ಅನ್ನಲಿಲ್ಲ. ಆದರೆ ರಾಕ್ ಸಂಗೀತದ ಹೆಮ್ಮೆಯೇ ಬೇರೆ: ನಾವೇ ಬರೀತೀವಿ, ನಾವೇ ಬಾರಿಸ್ತೀವಿ, ನಾವೇ ಹಾಡ್ತೀವಿ ಅನ್ನೋದು. ಅದಕ್ಕೇ ಅಲ್ಲಿ ಈ ಪ್ರಶ್ನೆ ಚುಚ್ಚುತ್ತೆ.

ಇದಕ್ಕೆ ತದ್ವಿರುದ್ಧ ಉತ್ತರ ಕೊಟ್ಟಿದ್ದು ಅಮೆರಿಕದ ಟಾಕಿಂಗ್ ಹೆಡ್ಸ್ ಬ್ಯಾಂಡ್. 1983ರ ಡಿಸೆಂಬರಿನಲ್ಲಿ ಹಾಲಿವುಡ್‌ನ ಪ್ಯಾಂಟೇಜಸ್ ಥಿಯೇಟರಿನಲ್ಲಿ ಅವರು ಕೊಟ್ಟ ಕಾರ್ಯಕ್ರಮಗಳನ್ನ ಜಾನಥನ್ ಡೆಮಿ 'ಸ್ಟಾಪ್ ಮೇಕಿಂಗ್ ಸೆನ್ಸ್' ಅನ್ನೋ ಚಿತ್ರ ಮಾಡಿದರು. ಕ್ಯಾಮೆರಾ 'ಬ್ಲೇಡ್ ರನ್ನರ್' ಖ್ಯಾತಿಯ ಜಾರ್ಡನ್ ಕ್ರೋನೆನ್‌ವೆತ್. ಬರೀ ಸ್ಟೇಜು. ಡೇವಿಡ್ ಬರ್ನ್ ಒಬ್ಬನೇ ಗಿಟಾರ್, ಟೇಪ್ ಪ್ಲೇಯರ್ ಹಿಡ್ಕೊಂಡು ಬರ್ತಾನೆ. ಒಂದೊಂದು ಹಾಡಿಗೂ ಒಬ್ಬೊಬ್ಬರು ಸೇರ್ತಾರೆ, ಕೆಲಸದವರು ಡ್ರಮ್ ತಳ್ಳಿಕೊಂಡು ಬರೋದೂ ಕಾಣಿಸುತ್ತೆ. ಬೆಳಕು ಬಹುಮಟ್ಟಿಗೆ ಬಿಳಿ. ಪ್ರೇಕ್ಷಕರನ್ನ ಕೊನೆಯವರೆಗೂ ಹೆಚ್ಚುಕಮ್ಮಿ ತೋರಿಸೋದೇ ಇಲ್ಲ. ಕ್ಯಾಮೆರಾ ಗಡಿಬಿಡಿಯಿಲ್ಲದೆ ಒಬ್ಬರನ್ನೇ ನೋಡ್ತಾ ನಿಲ್ಲುತ್ತೆ. ಒಂದು ಹಾಡಿನಲ್ಲಂತೂ ಬೆಳಕು ಕೆಳಗಿನಿಂದ. ಮುಖಗಳು ವಿಚಿತ್ರ, ಹಿಂದೆ ದೈತ್ಯ ನೆರಳು. ಅದೂ ಒಂದು ಆಟವೇ, ಆದರೆ ಅದನ್ನ ನಮ್ಮ ಕಣ್ಣೆದುರೇ ಕಟ್ಟುತ್ತಾರೆ.

1991ಕ್ಕೆ ಬಂದ್ರೆ ನಿರ್ವಾಣದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'. ನಿರ್ದೇಶಕ ಸ್ಯಾಮ್ಯುಯೆಲ್ ಬೇಯರ್. ಶಾಲೆಯ ಜಿಮ್, ಹಳದಿ-ಕಂದು ಬೆಳಕು, ಹೊಗೆ, ಕೂದಲ ಹಿಂದೆ ಅಡಗಿದ ಮುಖ. ಬೇಯರ್ ಮಾಡಿದ ಎಡಿಟ್ ಕರ್ಟ್ ಕೋಬೇನ್‌ಗೆ ಹಿಡಿಸಲಿಲ್ಲ. ತಾನೇ ಕೂತು ತಿದ್ದಿಸಿ, ಕೊನೆಯ ಹತ್ತಿರ ತನ್ನ ಮುಖದ ಕ್ಲೋಸ್‌ಅಪ್ ಸೇರಿಸಿದ. ಮುಖ ಯಾವಾಗ ಕಾಣಬೇಕು ಅನ್ನೋದು ಅಷ್ಟು ಮುಖ್ಯ.

ಮೂರೂ ಕಡೆ ನನಗೆ ಕಾಣೋದು ಒಂದೇ. ಏನನ್ನ ಕತ್ತಲಲ್ಲಿ ಬಿಡಬೇಕು ಅಂತ ಯಾರೋ ಯೋಚನೆ ಮಾಡಿದ್ದಾರೆ. ನಿಮ್ಮ ಗೆಳೆಯರ ಬ್ಯಾಂಡಿನ ಶೋ ಫೋನಿನಲ್ಲಿ ಹಿಡಿಯುವಾಗ ಫ್ಲ್ಯಾಶ್ ಆನ್ ಮಾಡೋ ಮುಂಚೆ ಇದನ್ನ ನೆನಪಿಸ್ಕೊಳ್ಳಿ. ಇರೋ ಒಂದು ಬಲ್ಬಿನ ಬೆಳಕು ಯಾರ ಮುಖದ ಮೇಲೆ, ಯಾವ ಕಡೆಯಿಂದ ಬೀಳ್ತಿದೆ ನೋಡಿ, ಅಲ್ಲಿ ಹೋಗಿ ನಿಲ್ಲಿ.

ಸಂಚಿಕೆ ಮುಗಿದ ಮೇಲೆ ಒಂದು ಕೆಲಸ ಮಾಡಿ: ಕ್ವೀನ್ ವಿಡಿಯೋ ಹಾಕಿ, ಸೌಂಡ್ ಮ್ಯೂಟ್ ಮಾಡಿ. ಮೊದಲ ನಿಮಿಷದಲ್ಲಿ ಜಾನ್ ಡೀಕನ್ ಮುಖ ಹುಡುಕಿ. ಅವರು ಹಾಡ್ತಿಲ್ಲ ಅಂತ ಈಗ ನಿಮಗೆ ಗೊತ್ತು. ಆದರೂ ನಂಬಿಕೆ ಬರುತ್ತಾ ಇಲ್ವಾ, ನೀವೇ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.